ಮೈಕ್ರೋಸ್ಕೋಪಿಗೆ ಹಚ್ಚಿದ ಕುಂಕುಮ

ನಮ್ಮ ಯಜಮಾನರು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಸಂಡೂರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಊರಿಗೆಲ್ಲ ಅದಿರಿನ ಹುಚ್ಚು. ಇವರಿಗೆ ಮಾತ್ರ ಒಂದೇ ಪರಮಾಣುವಿನಷ್ಟು ತೆಳ್ಳಗಿನ ಪದರದ ಹುಚ್ಚು. ತರಗತಿಯ ಮಕ್ಕಳಿಗೆ ತಿಳಿಯಲೆಂದು, ನಾನು ಪಲ್ಯಕ್ಕೆ ತರಿಸಿದ್ದ ಬಾಳೆದಿಂಡನ್ನು ಒಯ್ದು ಪದರಪದರವಾಗಿ ಬಿಚ್ಚಿ ತೋರಿಸಿದ್ದರಂತೆ. ಅವತ್ತು ನಮಗೆ ಬರೀ ತಿಳಿಸಾರು.

ಪೆನ್ಸಿಲಿನೊಳಗೆ ಇರುತ್ತದಲ್ಲ, ಆ ಗ್ರಾಫೈಟನ್ನು ಗಮ್ ಟೇಪಿಗೆ ಅಂಟಿಸಿ, ಮಡಚಿ, ಬಿಚ್ಚಿ, ಮತ್ತೆ ಮಡಚಿ ಮಕ್ಕಳೇ ಪದರ ಕೀಳುತ್ತಿದ್ದರು. ಉಳಿದದ್ದನ್ನು ಹೊಳೆಯುವ ಸಿಲಿಕಾನ್ ಬಿಲ್ಲೆಗೆ ಒತ್ತಿ ಮೈಕ್ರೋಸ್ಕೋಪಿನಲ್ಲಿ ಹುಡುಕುವುದು. ಕಿಟಕಿಗೆ ನನ್ನ ಹಳೇ ಸೀರೆ ಒದ್ದೆ ಮಾಡಿ ಕಟ್ಟಿದರೂ ಕೆಂಪು ದೂಳು ಒಳಗೇ. ಮಳೆಗಾಲವೆಲ್ಲ ಹುಡುಕಿ, ದಸರೆ ಹೊತ್ತಿಗೆ ಕಮಲಾಪುರದ ಹುಡುಗಿಯೊಬ್ಬಳಿಗೆ ಅಂಥ ಒಂದೇ ಒಂದು ಪದರ ಸಿಕ್ಕಿತು. ರಜೆ ಮುಗಿದ ಮೇಲೆ ವಿಶ್ವವಿದ್ಯಾಲಯದವರು ಬಂದು ಅದನ್ನು ನೋಡಿದರಷ್ಟೇ ಈ ಪಾಠ ಉಳಿಯುವುದಿತ್ತು.

ಆಯುಧಪೂಜೆಯ ದಿನ ಲ್ಯಾಬಿನಲ್ಲೂ ಪೂಜೆ. ನಾನು ನೈವೇದ್ಯಕ್ಕೆ ಚಿತ್ರಾನ್ನ ಒಯ್ದಿದ್ದೆ. ಕಾಲೇಜಿನ ಅಧ್ಯಕ್ಷರು ಲಾರಿ ಮಾಲೀಕರು. ಕಲಸಿದ ಕುಂಕುಮದ ಬಟ್ಟಲು ಹಿಡಿದು ಕಂಡದ್ದಕ್ಕೆಲ್ಲ ಬೊಟ್ಟಿಡುತ್ತ ಬಂದರು. ಮೈಕ್ರೋಸ್ಕೋಪಿಗೆ ಒಂದಿಟ್ಟು, ಅದರ ಕೆಳಗಿನ ಬಿಲ್ಲೆಯತ್ತ ಬೆರಳು ಚಾಚಿದರು.

“ಸಾವ್ಕಾರ್ರ, ಅದಕ್ಕ ಹಚ್ಚಬ್ಯಾಡ್ರಿ!” ಎಂದಳು ಹುಡುಗಿ.

“ಯಾಕವ್ವಾ, ಇದೇನು ಮುತ್ತೈದಿ ಅಲ್ಲೇನು? ನನ್ನ ಲಾರಿಗೆಲ್ಲ ಹಚ್ಚೀನಿ, ಮಸ್ತ್ ಓಡ್ತಾವ!”

ಎಲ್ಲರೂ ನಕ್ಕರು. ಬೊಟ್ಟು ಬಿತ್ತು. ನಮ್ಮವರು ಕೈಮುಗಿದುಕೊಂಡೇ ನಿಂತಿದ್ದರು.

ಮರುದಿನ ಸ್ಪಿರಿಟ್ಟಿನಲ್ಲಿ ತೊಳೆದು ನೋಡಿದರು. ಕುಂಕುಮದ ಜೊತೆ ಪದರವೂ ಹೋಗಿತ್ತು. ರಜೆ ಮುಗಿದು ವಿಶ್ವವಿದ್ಯಾಲಯದವರು ಬಂದಾಗ ತೋರಿಸಲು ಏನೂ ಇರಲಿಲ್ಲ. “ಕಣ್ಣಿಗೆ ಕಾಣದ್ದನ್ನ ಏನ್ ಕಲಿಸ್ತೀರಿ ಮೇಷ್ಟ್ರ, ಬಿಡ್ರಿ” ಎಂದರು ಅಧ್ಯಕ್ಷರು. ಅದೇ ಕೋಣೆಯಲ್ಲಿ ಅದಿರು ಕುಟ್ಟಿ ಪರೀಕ್ಷಿಸುವ ತರಬೇತಿ ಶುರುವಾಯಿತು.

ದೇವರು ಪೂರ್ತಿ ಕೈಬಿಡಲಿಲ್ಲ ಅನ್ನಬೇಕು. ಇವರ ಕೆಲಸ ಉಳಿಯಿತು. ಆ ಹುಡುಗಿ ಅದನ್ನು ಕಣ್ತುಂಬ ನೋಡಿದ್ದಳು. ಪೂಜೆಗೆ ಮುಂಚೆ ನನ್ನನ್ನೂ ಕರೆದು, “ಅಮ್ಮಾರ, ಜಲ್ದಿ ಬರ್ರಿ, ನೋಡ್ರಿ” ಎಂದು ತೋರಿಸಿದ್ದಳು. ಬಿಲ್ಲೆಯ ನೇರಳೆ ಬಣ್ಣದ ಮೇಲೆ ಉಗುರು ಒತ್ತಿದಂಥ ಮಬ್ಬು ಗುರುತು.

ಮರುವರ್ಷ ಆಯುಧಪೂಜೆಯ ಹೊತ್ತಿಗೆ ಕಾಲೇಜಿನ ಜವಾನ ಮನೆಗೆ ಬಂದ. “ಅಮ್ಮಾರ, ಅಧ್ಯಕ್ಷರು ನಿಮ್ಮ ಕೈ ಚಿತ್ರಾನ್ನಾನ ಬೇಕಂದಾರ್ರಿ.”

ಉಪ್ಪಿಲ್ಲದೆ ಕಳಿಸೋಣ ಎನಿಸಿತು. ಆದರೆ ಅದು ಮೊದಲು ದೇವರ ಮುಂದೆ ಹೋಗುವಂಥದ್ದು. ಸರಿಯಾಗಿಯೇ ಹಾಕಿ ಕಳಿಸಿದೆ. ನಾನು ಹೋಗಲಿಲ್ಲ.