ಟ್ಯೂಬಿನಲ್ಲಿ ಡಿಕಾಕ್ಷನ್

ಮುಂಬೈ ಪಕ್ಕದ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವನು ನಾನು. ನನ್ನಿಂದ ಒಮ್ಮೆಯೂ ಬೇಸ್ತು ಬೀಳದ ಗಿರಾಕಿ ಇಡೀ ಊರಿನಲ್ಲೇ ಸಿಗಲಿಕ್ಕಿಲ್ಲ. ಫ್ಯಾಕ್ಟರಿಯ ಮ್ಯಾನೇಜರನಿಗೆ ತೆಳು ಗಂಜಿಯನ್ನು ಮಜ್ಜಿಗೆಯೆಂದು ಕುಡಿಸಿ, ಇನ್ನೊಂದು ಲೋಟ ಕೇಳುವಂತೆ ಮಾಡಿದ ಕೈ ಇದು. ಎಪ್ಪತ್ತೆರಡಾಯಿತೆಂದು ಅದು ಸುಮ್ಮನಿರುತ್ತದೆಯೇ?

ನನ್ನ ಮೊಮ್ಮಗಳು ಡೊಂಬಿವಲಿಯ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಾಳೆ. ತಾಮ್ರ ಬೆರೆಸಿದ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ತಯಾರಿಸುವುದು ಅವಳ ಕೆಲಸ. ಅವನ್ನು ಕ್ಯಾನ್ಸರ್ ಗಡ್ಡೆಯೊಳಗೆ ಸೇರಿಸಿ ಹೊರಗಿನಿಂದ ಲೇಸರ್ ಬೆಳಕು ಬಿಟ್ಟರೆ ಗಡ್ಡೆಯಷ್ಟೇ ಬಿಸಿಯಾಗಿ ಸಾಯಬೇಕು, ಸುತ್ತಲಿನ ಮಾಂಸ ಸುಡಬಾರದು. ಸದ್ಯಕ್ಕೆ ಎಲ್ಲವೂ ಟ್ಯೂಬಿನೊಳಗೇ. ಇವಳ ಅಜ್ಜಿಗೆ ರೇಡಿಯೇಷನ್ ಕೊಟ್ಟಾಗ ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿತ್ತು. ಮುಲಾಮು ಹಚ್ಚುತ್ತಿದ್ದವಳು ಇವಳೇ.

ಲೇಸರ್ ಇದ್ದದ್ದು ಘಣಸೋಲಿಯ ಒಂದು ಲ್ಯಾಬಿನಲ್ಲಿ. ಎರಡು ತಿಂಗಳು ಕಾದ ಮೇಲೆ ಅವಳಿಗೆ ಒಂದೇ ಒಂದು ಬೆಳಗಿನ ಪಾಳಿ ಸಿಕ್ಕಿತ್ತು. ಹಿಂದಿನ ಸಂಜೆ ಕಪ್ಪು ದ್ರವದ ಟ್ಯೂಬನ್ನು ಡಬ್ಬಿಯಲ್ಲಿ ನಮ್ಮ ಫ್ರಿಜ್ಜಿಗೆ ಸೇರಿಸಿ, "ಅಜ್ಜ, ಹಾಥ್ ಮತ್ ಲಗಾನಾ" ಎಂದಳು. ಮುಟ್ಟಬೇಡ ಎಂದು ನನ್ನಂಥವನಿಗೆ ಹೇಳಬಾರದಿತ್ತು. ಅವಳ ಬ್ಯಾಗಿನಲ್ಲಿದ್ದ ಖಾಲಿ ಟ್ಯೂಬಿಗೆ ಡಿಕಾಕ್ಷನ್ ತುಂಬಿ ಡಬ್ಬಿಯಲ್ಲಿಟ್ಟೆ. ಅಸಲಿ ಟ್ಯೂಬ್ ಉಪ್ಪಿನಕಾಯಿ ಭರಣಿಯ ಹಿಂದೆ ಸೇರಿತು. ಬೆಳಿಗ್ಗೆ ದೋಸೆ ತಿನ್ನುವಾಗ ಗುಟ್ಟು ಬಿಡಿಸಿ ಅವಳ ಮುಖ ನೋಡಬೇಕೆಂದಿದ್ದೆ.

ನಾನು ಏಳುವಷ್ಟರಲ್ಲಿ ಅವಳು ದೋಸೆಗೂ ನಿಲ್ಲದೆ ಹೊರಟುಹೋಗಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ.

ಅಸಲಿ ಟ್ಯೂಬನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ಟಿಫಿನ್ ಡಬ್ಬಿಗೆ ಹಾಕಿ ವಾಶಿ ಲೋಕಲ್ ಹಿಡಿದೆ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಐರೋಳಿ, ರಬಾಳೆ ದಾಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಲ್ಯಾಬಿನ ಗೇಟಿನಲ್ಲಿ ಅವಳು ಆರಾಮವಾಗಿ ನಿಂತಿದ್ದಳು. ಮುಚ್ಚಳ ತೆಗೆದ ಕೂಡಲೇ ಚಿಕೋರಿಯ ವಾಸನೆ ಬಂತಂತೆ. ಹೋಟೆಲಿನವರ ಮನೆಯ ಹುಡುಗಿಗೆ ಅದು ತಿಳಿಯದೆ ಇದ್ದೀತೇ? ನಂತರದ ಪಾಳಿಯವಳೊಂದಿಗೆ ಸಮಯ ಅದಲುಬದಲು ಮಾಡಿಕೊಂಡು ನನ್ನ ದಾರಿ ಕಾಯುತ್ತಿದ್ದಳು.

"ಮತ್ತೆ ಫೋನ್ ಯಾಕೆ ಎತ್ಲಿಲ್ಲ ಮಾರಾಯ್ತಿ?"

"ಅಜ್ಜ ಟ್ರೇನಲ್ಲಿ ಸ್ವಲ್ಪ ಬೆವರಲಿ ಅಂತ."

ಅಸಲಿ ಟ್ಯೂಬನ್ನು ಇಸಿದುಕೊಂಡಳು. ಕಾಫಿಯದನ್ನು ಚೆಲ್ಲು ಎಂದರೆ ಕೇಳಲಿಲ್ಲ.

"ಇರಲಿ ಅಜ್ಜ. ನಮ್ಮ ಗೈಡ್ ಸರ್ ಪಕ್ಕಾ ಪೂಛೇಂಗೆ, ಕೇಳಿಯೇ ಕೇಳ್ತಾರೆ, ಕಪ್ಪಿದ್ದದ್ದೆಲ್ಲ ಬೆಳಕಿಗೆ ಬಿಸಿ ಆಗ್ತದಲ್ಲ, ನಿನ್ನದ್ರಲ್ಲಿ ಏನು ವಿಶೇಷ ಅಂತ. ಇದನ್ನೂ ಇಟ್ಟು ನೋಡ್ತೇನೆ."

ವಾಚ್‌ಮನ್ ಕೊಟ್ಟ ಸ್ಟೂಲಿನಲ್ಲಿ ಒಂದು ತಾಸು ಕುಳಿತೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಯಾರನ್ನೂ ಗೋಳುಹೊಯ್ದುಕೊಳ್ಳದೆ ಕುಳಿತದ್ದಿಲ್ಲ. ಕೊನೆಗೆ ಅವಳು ಹೊರಬಂದು ನೋಟ್‌ಬುಕ್ ತೋರಿಸಿದಳು. ಅವಳ ದ್ರವದ ಬಿಸಿ ಏರುತ್ತಲೇ ಹೋಗಿ, ತಾನೇ ಲೇಸರ್ ಆರಿಸಬೇಕಾಯಿತಂತೆ. ಅದರ ಕೆಳಗಿನ ಸಾಲಿನಲ್ಲಿ ವಕ್ರ ಕನ್ನಡ ಅಕ್ಷರದಲ್ಲಿ ಬರೆದಿದ್ದಳು: ಅಜ್ಜನ ಕಾಫಿ, ಉಗುರುಬೆಚ್ಚಗೂ ಆಗಲಿಲ್ಲ.

ನನ್ನ ಕಾಫಿ ತಣ್ಣಗಿದೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ನಾನು ತಕರಾರು ಮಾಡಲಿಲ್ಲ.