ಒಂಬತ್ತಕ್ಕೆ ಮುಗಿಯುವ ಆಟ

ಸಿದ್ದರಾಜಣ್ಣ, ನಿಮ್ಮ ತಂದೆಗೆ ನಾನು ಒಂದು ವರ್ಷ ಸುಳ್ಳು ಓದಿ ಹೇಳಿದೆ. ಪೇಪರಿನಲ್ಲಿ ನೀವು ಸೋತಿದ್ದಿರಿ. ನನ್ನ ಬಾಯಲ್ಲಿ ಗೆದ್ದಿರಿ.

ಆ ಮೊದಲ ದಿನ ಅಲ್ಲಿದ್ದವರು ಮೂರೇ ಜನ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಿಮ್ಮ ಮನೆಯ ಹಜಾರ, ಭಾನುವಾರದ ಬೆಳಗು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ನಿಮ್ಮ ತಂದೆ ಚೆನ್ನಪ್ಪನವರು. ಹೊಲಿಗೆ ಮೆಷಿನ್ನಿನ ಮುಂದೆ ನಿಮ್ಮ ಅಕ್ಕ ಗಿರಿಜಕ್ಕ. ಚಾಪೆಯ ಮೇಲೆ ಇಂಗ್ಲಿಷ್ ಪೇಪರ್ ಹರಡಿಕೊಂಡು ನಾನು — ಗುಬ್ಬಿ ಕಡೆಯ ನಂಜುಂಡ, ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ, ನಿಮ್ಮ ಮನೆಯ ಮುಂದಿನ ಕೋಣೆಯ ಬಾಡಿಗೆದಾರ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ. ಇದನ್ನು ಓದುವ ಬೇರೆಯವರಿಗೂ ತಿಳಿಯಬೇಕಲ್ಲ. ನಿಮ್ಮ ತಂದೆ ಕುಣಿಗಲ್ ಬಿಟ್ಟು ಬೆಂಗಳೂರಿಗೆ ಹೋಗಿ, ಒಂದು ದೊಡ್ಡ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಸ್ಕ್ವಾಷ್ ಮಾರ್ಕರ್ ಆಗಿದ್ದವರು. ಇಬ್ಬರು ಆಟಗಾರರು ಒಂದು ಕೋಣೆಯೊಳಗೆ ನಿಂತು, ಒಂದೇ ಗೋಡೆಗೆ ಸರದಿಯ ಮೇಲೆ ಚೆಂಡು ಹೊಡೆಯುವ ಆಟ ಅದು. ಸ್ಕೋರ್ ಕೂಗುವವನು ಮಾರ್ಕರ್. ಜೊತೆಗೆ ಆಡುವವರು ಸಿಗದ ಸಾಹೇಬರಿಗೆ ಜೊತೆ ಆಡುವವನೂ ಅವನೇ. ನಿಮ್ಮ ತಂದೆಗೆ ಸ್ಕೋರ್ ಕೂಗುವಷ್ಟು ಇಂಗ್ಲಿಷ್ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಂಕಿಯನ್ನಾದರೂ ನೋಡಿಕೊಳ್ಳೋಣವೆಂದರೆ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ನಾನು ಬೇಕಾದೆ.

ನೀವು ಹೊರಟ ದಿನ ಅವರು ಆಡಿದ ಮಾತನ್ನು ಗಿರಿಜಕ್ಕ ನನಗೆ ಹೇಳಿದ್ದರು. ತಮ್ಮ ಕೆಲಸಕ್ಕೆ ಮಗ ಬರಲಿ ಎಂದು ಅವರಿಗೆ ಆಸೆ. ನೀವು, "ನಾನು ಇನ್ನೊಬ್ರ ಸ್ಕೋರ್ ಕೂಗಲ್ಲ, ನನ್ ಸ್ಕೋರ್ ಕೂಗಿಸ್ತೀನಿ" ಅಂದಿರಂತೆ. ಅದಕ್ಕೆ ಅವರು, "ಗೆದ್ದು ತೋರ್ಸು, ಆಮೇಲ್ ಬಾ ಈ ಮನೇಗೆ" ಅಂದುಬಿಟ್ಟರಂತೆ. ನೀವು ಇಂಗ್ಲೆಂಡಿಗೆ ಹೋದಿರಿ. ಅಲ್ಲಿಂದ ಒಂದೇ ಒಂದು ಕಾರ್ಡು. ಆಮೇಲೆ — ಪೇಪರು.

"ನಮ್ ಹುಡ್ಗನ್ ಹೆಸ್ರು ಐತೇನಪ್ಪ ನಂಜುಂಡ?" — ವಾರವಾರವೂ ಇದೇ ಪ್ರಶ್ನೆ. ಆ ಭಾನುವಾರ ನಿಜವಾಗಿಯೂ ಇತ್ತು. ಕ್ರೀಡಾ ಪುಟದ ತಳದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಮೊದಲ ಸುತ್ತು, ಎದುರಾಳಿ ನಿಮ್ಮನ್ನು ಒಂಬತ್ತು–ಎರಡು, ಒಂಬತ್ತು–ಒಂದು, ಒಂಬತ್ತು–ನಾಲ್ಕರಿಂದ ಸೋಲಿಸಿದ್ದ. ನಾನು ತಲೆಯೆತ್ತಿದೆ. ಅವರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಗಿರಿಜಕ್ಕನ ಮೆಷಿನ್ ನಿಂತಿತ್ತು.

ಅಂಕಿ ಒಂದನ್ನೂ ಬದಲಿಸಲಿಲ್ಲ. ಹೆಸರು ಮಾತ್ರ ಹಿಂದುಮುಂದು ಮಾಡಿದೆ.

"ಕೇಳ್ದೇನೇ ಗಿರಿಜಾ? ಎಲ್ಡು, ಒಂದು, ನಾಲ್ಕು! ಎದ್ರಾಳೀಗೆ ಉಸ್ರು ಬಿಡಾಕೂ ಬುಟ್ಟಿಲ್ಲ ಕಣೇ ನಿನ್ ತಮ್ಮ!" ಎಂದು ಎದ್ದವರೇ, ಬಟ್ಟೆಗೆ ಗುರುತು ಹಾಕುವ ಗಿರಿಜಕ್ಕನ ಕೆಂಪು ಸೀಮೆಸುಣ್ಣ ಕಸಿದುಕೊಂಡು, ಗೋಡೆಯ ಮೇಲೆ ಗೇಣುದ್ದದ ಅಂಕಿಗಳನ್ನು ಬರೆದರು.

"ಅಪ್ಪಾ, ಅದು ಮನೆ ಗೋಡೆ, ನಿಮ್ ಕ್ಲಬ್ಬಿನ್ ಗೋಡೆ ಅಲ್ಲ."

"ಸುಮ್ಕಿರೇ. ಹಬ್ಬಕ್ಕೆ ಸುಣ್ಣ ನಾನೇ ಹೊಡಿತೀನಿ."

ಗೆದ್ದವನಿಗೆ ಎರಡನೆಯ ಸುತ್ತು ಇರುತ್ತದೆ ಎಂಬುದು ನನಗೆ ಹೊಳೆದದ್ದು ಮುಂದಿನ ಭಾನುವಾರ, ಅವರು ಮತ್ತೆ ಕುರ್ಚಿಯ ತುದಿಗೆ ಬಂದು ಕೂತಾಗ. ಆಮೇಲೆ ನಿಮ್ಮ ಹೆಸರು ಪೇಪರಿನಲ್ಲಿ ಬಂದದ್ದು ಇನ್ನೆರಡೇ ಸಲ, ಎರಡೂ ಸೋಲು. ಉಳಿದ ಭಾನುವಾರಗಳನ್ನೆಲ್ಲ ನಾನೇ ಆಡಿದೆ. ಒಂಬತ್ತಕ್ಕೆ ಗೇಮ್ ಮುಗಿಯುತ್ತದೆ; ಎಂಟು–ಎಂಟು ಆದರೆ ಹತ್ತರವರೆಗೆ ಹೋಗಬಹುದು; ಅದರಾಚೆ ಇಲ್ಲ — ಇದನ್ನು ಕಲಿಸಿದವರೂ ಅವರೇ. ನಾನು ಅಂಕಿ ಕೊಟ್ಟರೆ ಸಾಕು, ಇಡೀ ಆಟ ಅವರ ಕಣ್ಣ ಮುಂದೆ ನಡೆಯುತ್ತಿತ್ತು. "ಮೂರ್ನೇದು ಮೂರು–ಒಂಬತ್ತಾ? ಬೇಕಂತ್ಲೇ ಬಿಟ್ಕೊಟ್ಟವ್ನೆ. ಎಡಗಾಲ್ ಮಂಡಿ ನೋವು ಅವ್ನಿಗೆ, ಸುಧಾರಿಸ್ಕೊಳಾಕೆ." ಇಲ್ಲದ ಆಟದಲ್ಲಿ ನಿಮಗೆ ನಿಜವಾದ ಮಂಡಿ ನೋವು! ನೀವು ಕ್ವಾರ್ಟರ್ ಫೈನಲ್ ತಲುಪಿದ್ದಕ್ಕೆ — ನಾನು ತಲುಪಿಸಿದ್ದಕ್ಕೆ — ಗಿರಿಜಕ್ಕ ದೇವರಾಯನದುರ್ಗಕ್ಕೆ ಹೋಗಿ ಪೂಜೆ ಮಾಡಿಸಿ ಬಂದರು. ಪ್ರಸಾದವನ್ನು ಮೊದಲು ನನ್ನ ಕೈಗೇ ಇಟ್ಟರು. ತಿಂದೆ.

ದಯೆಯಿಂದ ಮಾಡಿದೆ ಅಂತ ಇಲ್ಲಿಯವರೆಗೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ದೀಪಾವಳಿಯ ಹೊತ್ತಿಗೆ ನಿಮ್ಮ ತಂದೆ ಸಪ್ಪಗಾದರು. ನಾನು ಗೆಲುವು ಓದಿದರೆ ಗೋಡೆಗೆ ಬರೆಯುತ್ತಿದ್ದರು, ಮಾತಾಡುತ್ತಿರಲಿಲ್ಲ. ಬೆಂಗಳೂರು ಬಸ್ ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ, ನನಗಲ್ಲ, ಗೋಡೆಗೆ ಅಂದರು: "ಗೆದ್ದವ್ನೆ. ಗೆದ್ ಮೇಲೂ ಬರ್ಲಿಲ್ವಲ್ಲ."

ಆಗ ಅರ್ಥವಾಯಿತು. ಸೋತಿದ್ದರಿಂದ ನೀವು ಬರುತ್ತಿಲ್ಲ — ಅವರೇ ಹಾಕಿದ ಷರತ್ತು ಅದು. ಗೆದ್ದೂ ಬರುತ್ತಿಲ್ಲ ಎಂದುಕೊಂಡು ಅವರು ಕೊರಗುತ್ತಿದ್ದಾರೆ — ಇದು ನನ್ನ ಕೆಲಸ. ನಾನು ಓದುವ ಒಂದೊಂದು ಗೆಲುವೂ ಮಗ ತನ್ನನ್ನು ಮರೆತ ಎಂಬುದಕ್ಕೆ ಒಂದೊಂದು ಸಾಕ್ಷಿ. ಒಂದು ಮಾತು ಸಾಕಿತ್ತು. "ಸೋತವ್ರೆ ಯಜಮಾನ್ರೆ." ಅಷ್ಟೇ.

ಹೇಳಲಿಲ್ಲ. ಯಾಕೆ ಅಂದರೆ — ಇದನ್ನು ಬರೆಯುವುದೇ ಕಷ್ಟ. ನನ್ನ ತಂದೆಯ ಮುಖ ನನಗೆ ನೆನಪಿಲ್ಲ. ನಾನು ನಾಲ್ಕು ವರ್ಷದವನಿದ್ದಾಗಲೇ ಹೋದರು. ಆ ಹಜಾರದಲ್ಲಿ ಪ್ರತಿ ಭಾನುವಾರ ಒಬ್ಬ ತಂದೆ ನನ್ನ ದಾರಿ ಕಾಯುತ್ತಿದ್ದರು. "ನಂಜುಂಡ ಬರ್ಲಿ, ಆಮೇಲ್ ತಿಂಡಿ" ಅನ್ನುತ್ತಿದ್ದರು. ನೀವು ಬಂದರೆ ಆ ಚಾಪೆ ನಿಮ್ಮದು. ನಾನು ಮತ್ತೆ ಬಾಡಿಗೆದಾರ. ನೀವು ದೂರದಲ್ಲೇ ಗೆಲ್ಲುತ್ತಿರಲಿ ಅಂತ ನಾನು ಬಯಸಿದೆ, ಸಿದ್ದರಾಜಣ್ಣ. ನೀವು ಬರದಿರಲಿ ಅಂತ ಬಯಸಿದೆ.

ಸಿಕ್ಕಿಬಿದ್ದದ್ದು ಹೀಗೆ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ನಾವು ಶಟಲ್ ಆಡುತ್ತಿದ್ದೆವು; ಅದು ಹದಿನೈದಕ್ಕೆ ಮುಗಿಯುವ ಆಟ. ಒಂದು ಶನಿವಾರ ಪಂದ್ಯ ಇತ್ತು. ರಾತ್ರಿ ಮಲಗಿದಾಗಲೂ ತಲೆಯಲ್ಲಿ ಅದೇ ಸ್ಕೋರು. ಮಾರನೆಯ ದಿನ ಏನೂ ಯೋಚಿಸಿಟ್ಟುಕೊಳ್ಳದೆ ಪೇಪರ್ ಬಿಚ್ಚಿ, "ಒಂಬತ್ತು–ಆರು, ಒಂಬತ್ತು–ಐದು, ಹದಿನೈದು–ಹನ್ನೆರಡು" ಅಂದೆ.

ಸೀಮೆಸುಣ್ಣ ಹಿಡಿದ ಕೈ ಗೋಡೆಯ ಹತ್ತಿರ ನಿಂತಿತು. "ಕೊನೇದು ಇನ್ನೊಂದ್ ಸಲ ಓದಪ್ಪ."

ಹೇಳಿದ ಮೇಲೆಯೇ ನನಗೂ ಕೇಳಿಸಿದ್ದು. ಬದಲಿಸಬಹುದಿತ್ತು — ಬಾಯಿ ಅದನ್ನೇ ಮತ್ತೆ ಹೇಳಿತು. "ಹದಿನೈದು... ಹನ್ನೆರಡು."

ಅವರು ನಿಧಾನವಾಗಿ ಕುರ್ಚಿಗೆ ಬಂದು ಕೂತರು. ಬೈಯುತ್ತಾರೆ ಅಂದುಕೊಂಡೆ. ಅವರ ಮುಖದಲ್ಲಿ, ತಿಂಗಳುಗಳ ಮೇಲೆ ಮೊದಲ ಸಲ, ನಗು. "ಹಂಗಾರೆ ಗೆದ್ದಿಲ್ಲ," ಅಂದರು ಮೆಲ್ಲಗೆ. "ಹಂಗಾರೆ ಅದ್ಕೇ ಬಂದಿಲ್ಲ ನನ್ ಮಗ."

ಎದ್ದು ಒದ್ದೆ ಬಟ್ಟೆ ತಂದು, ಗೋಡೆಯ ಮೇಲಿದ್ದ ಒಂದು ವರ್ಷದ ಅಂಕಿಗಳನ್ನೆಲ್ಲ ಅವರೇ ಒರೆಸಿದರು. ಕೆಂಪು ಕದಡಿ ಗೋಡೆ ಮಾಸಲು ಗುಲಾಬಿಯಾಯಿತು. "ಏನಾಯ್ತಪ್ಪಾ?" ಎಂದು ಗಿರಿಜಕ್ಕ ಓಡಿಬಂದರು. "ಏನಿಲ್ಲ ಕಣಮ್ಮ, ನೀನೇ ಅಂದ್ಯಲ್ಲ, ಮನೆ ಗೋಡೆ ಅಂತ." ನನ್ನ ಸುಳ್ಳನ್ನು ಮಗಳಿಗೂ ಹೇಳಲಿಲ್ಲ. ನನ್ನ ಕಡೆ ತಿರುಗಿ ಇಷ್ಟೇ ಅಂದರು: "ಒಂದ್ ಕಾಗ್ದ ಬರ್ಕೋ. ಇದೊಂದ್ನ ಮಾತ್ರ ನಾನ್ ಹೇಳ್ದಂಗೇ ಬರಿ."

ಬರೆದೆ. "ಗೆದ್ದು ಬಾ ಅಂದಿದ್ದು ನನ್ ತಪ್ಪು. ಸೋತಿದ್ರೆ ಸೋತೇ ಬಾ. ಬೇಗ ಬಾ." ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ನೀವು ಮನೆ ಬದಲಿಸಿದ್ದಿರಂತೆ; ಕಾಗದ ಮೂರು ವಿಳಾಸ ಸುತ್ತಿ ನಿಮಗೆ ಸಿಕ್ಕಿತಂತೆ. ನೀವು ಬಂದಾಗ ಅವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ದೀಪಾವಳಿಯಲ್ಲೇ ನಾನು ಬಾಯಿ ಬಿಟ್ಟಿದ್ದರೆ — ಆ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಅವತ್ತು ಅವರ ಕುರ್ಚಿಯ ಪಕ್ಕ ನಿಂತು ನೀವು ನನ್ನನ್ನು ಕೇಳಿದಿರಿ: "ಪೇಪರ್ ಓದ್ತಿದ್ದೋರು ನೀವೇ ಅಂತಲ್ಲ. ಅಪ್ಪಂಗೆ ನನ್ ರಿಸಲ್ಟ್ ಎಲ್ಲಾ ಗೊತ್ತಿತ್ತಾ?"

"ಎಲ್ಲಾ ಓದಿಸ್ಕೋತಿದ್ರು," ಅಂದೆ. ಅದು ಸುಳ್ಳಲ್ಲ; ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಆಡಿಲ್ಲ. ತಂದೆ ವರ್ಷವಿಡೀ ನಿಮ್ಮ ಸೋಲನ್ನು ನೋಡಿಕೊಂಡು ಸುಮ್ಮನಿದ್ದರು, ಕೊನೆಗೆ ಮನಸ್ಸು ಕರಗಿ ಕರೆದರು ಎಂದೇ ನೀವು ನಂಬಿದಿರಿ. ಇಲ್ಲ. ಸೋಲು ಗೊತ್ತಾದ ಅರ್ಧ ಗಂಟೆಯೊಳಗೆ ಅವರು ನಿಮ್ಮನ್ನು ಕರೆದರು. ನಡುವೆ ಇದ್ದವನು ನಾನು. ಇದು ನಿಮಗೆ ಸೇರಬೇಕಾದದ್ದು, ಈಗ ಒಪ್ಪಿಸುತ್ತಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ಅವತ್ತು ನನ್ನ ಉತ್ತರ ಕೇಳಿ ನೀವು ಗಿರಿಜಕ್ಕನ ಮೆಷಿನ್ನಿನ ಮೇಲಿದ್ದ ಕೆಂಪು ಸೀಮೆಸುಣ್ಣ ತೆಗೆದುಕೊಂಡು, ಆ ಮಾಸಲು ಗೋಡೆಯ ಮೇಲೆ ಮೂರು ಸಾಲು ಬರೆದಿರಿ. ಎರಡು–ಒಂಬತ್ತು, ಒಂದು–ಒಂಬತ್ತು, ನಾಲ್ಕು–ಒಂಬತ್ತು. ಕೆಳಗೆ ನೀವು ಸೋತ ಇನ್ನೆರಡು ಆಟಗಳ ಅಂಕಿಗಳು. ಕೈ ಒರೆಸಿಕೊಂಡು, ಅಕ್ಕನಿಗೆ ನಮಸ್ಕಾರ ಮಾಡಿ, ಸಂಜೆಯ ಬಸ್ಸಿಗೆ ಹೊರಟಿರಿ. ಆ ವರ್ಷ ಹಬ್ಬಕ್ಕೆ ಗಿರಿಜಕ್ಕ ಮನೆಗೆಲ್ಲ ಸುಣ್ಣ ಹೊಡೆಸಿದರು. ಅದೊಂದು ಗೋಡೆಯನ್ನು ಹಾಗೇ ಬಿಟ್ಟರು.