ನೂರ ಎಂಬತ್ತೆರಡನೆಯ ದಿನ

ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಕ್ಕನ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇರುತ್ತಿತ್ತು. ಅದರ ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ಒಂದನ್ನು ಇಳಿಬಿಟ್ಟಿದ್ದಳು. ಹಾಲಿನವನು ಬಾರದ ದಿನಕ್ಕೆ ಒಂದು ಸೊನ್ನೆ, ಹೊಸ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಚುಕ್ಕೆ. ಅಷ್ಟರಲ್ಲೇ ಅವಳ ಸಂಸಾರದ ಇತಿಹಾಸ ಮುಗಿಯುತ್ತಿತ್ತು. ಆ ವರ್ಷ ಅದೇ ಕ್ಯಾಲೆಂಡರಿನ ಮೇಲೆ ನಾನು ಕೆಂಪು ಗೀಟು ಎಳೆಯಲು ಶುರು ಮಾಡಿದೆ. ಭಾರತದಲ್ಲಿ ನಾನು ಕಳೆದ ಒಂದೊಂದು ದಿನಕ್ಕೆ ಒಂದೊಂದು ಗೀಟು.

ನನ್ನ ನೌಕರಿ ಲಂಡನ್ನಿನ ಹತ್ತಿರದ ಒಂದು ಊರಿನಲ್ಲಿತ್ತು. ಕಂಪ್ಯೂಟರ್ ಕಲಿತವರನ್ನೆಲ್ಲ ವಿಮಾನಕ್ಕೆ ಹತ್ತಿಸಿ ಕಳಿಸುತ್ತಿದ್ದ ಕಾಲ ಅದು. ಅಮೀರ್‌ಪೇಟೆಯಲ್ಲಿ ಕೋರ್ಸುಗಳ ಬೋರ್ಡಿನ ಹಿಂದೆ ಕಟ್ಟಡವೇ ಕಾಣಿಸುತ್ತಿರಲಿಲ್ಲ. ನಾನೂ ಅಲ್ಲೇ ಒಂದು ಬೋರ್ಡಿನ ಕೆಳಗೆ ಕಲಿತು ಹೋದವಳು. ಆದರೆ ನನ್ನನ್ನು ಅಲ್ಲಿಯವರೆಗೆ ತಂದದ್ದು ಅಕ್ಕ. ಬೀದರ್ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ, ಅಕ್ಕನಿಗೆ ಮದುವೆಯಾಗಿ ಎಂಟು ತಿಂಗಳು. ಹೈದರಾಬಾದಿನ ದೊಡ್ಡ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡನ ಮನೆಗೆ ಅವಳು ಟ್ರಂಕಿನ ಜೊತೆ ನನ್ನನ್ನೂ ಕರೆತಂದಳು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಮಾಮಾ ಮರುದಿನವೇ ನನ್ನ ಶಾಲೆಯ ಅರ್ಜಿ ತಂದರು. ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೆ ನಾನೇ ಕಾರಣವೇನೋ ಎಂಬಂತೆ ಊರಿನ ಕೆಲವು ಹೆಂಗಸರು ನನ್ನನ್ನು ನೋಡುತ್ತಿದ್ದರು.

ಅಕ್ಕನ ಎರಡೂ ಕಿಡ್ನಿ ಸೋತಿವೆ ಎಂದು ಮಾಮಾ ಫೋನಿನಲ್ಲಿ ಹೇಳಿದಾಗ ನಾನು ರಾಜೀನಾಮೆ ಬರೆದು ನಮ್ಮ ಸಾಹೇಬನ ಮೇಜಿನ ಮೇಲಿಟ್ಟೆ. ಆತ ಓದಿ, ಹರಿದು, ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಲ್ಲಿಂದಲೇ ಕೆಲಸ ಮಾಡು ಎಂದ. ಸಂಬಳ ಅಲ್ಲಿಯ ಬ್ಯಾಂಕಿಗೆ, ತೆರಿಗೆ ಅಲ್ಲಿಯ ಸರಕಾರಕ್ಕೆ. ನಾನು ಮಾತ್ರ ಕುಷಾಯಿಗೂಡದಲ್ಲಿ, ಅಕ್ಕನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು.

ಒಂದೇ ಒಂದು ತೊಡಕಿತ್ತು. ಒಂದು ವರ್ಷದಲ್ಲಿ ನೂರ ಎಂಬತ್ತೆರಡು ದಿನ ಭಾರತದಲ್ಲಿ ಇದ್ದುಬಿಟ್ಟರೆ ನೀನು ಇಲ್ಲಿಯವಳೆಂದು ಲೆಕ್ಕ. ಇಡೀ ಸಂಬಳಕ್ಕೆ ಅಲ್ಲಿಯೂ ತೆರಿಗೆ, ಇಲ್ಲಿಯೂ ತೆರಿಗೆ, ಕೈಗೆ ಉಳಿಯುವುದು ಚಿಪ್ಪು. ಇದನ್ನು ನನಗೆ ಹೇಳಿದ್ದು ನನ್ನಂತೆಯೇ ಹೋಗಿದ್ದ ನಮ್ಮ ಹುಡುಗ ಹುಡುಗಿಯರು. ಶನಿವಾರ ಒಟ್ಟಿಗೆ ಕೂತು ಅನ್ನ ಸಾರು ಉಣ್ಣುವಾಗ ಎಲ್ಲರೂ ವಕೀಲರೇ. ಯಾರೋ ಒಬ್ಬನ ಅಣ್ಣನಿಗೆ ನೋಟೀಸು ಬಂದಿತ್ತಂತೆ. ಆ ಅಣ್ಣನನ್ನು ಯಾರೂ ಕಂಡವರಿಲ್ಲ. ಪ್ರೋಗ್ರಾಮಿನ ಒಂದು ಸಾಲನ್ನು ಹತ್ತು ಸಲ ಪರೀಕ್ಷಿಸದೆ ಮುಂದೆ ಹೋಗದ ನಾನು ಈ ಮಾತನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ.

ಗೀಟುಗಳು ಹಾಗೆ ಹುಟ್ಟಿದವು. ಅಕ್ಕ ಕೇಳಿದಾಗ ವಿವರಿಸಿದೆ. ಅವಳಿಗೆ ತೆರಿಗೆ ತಿಳಿಯದಿದ್ದರೂ ಉಳಿತಾಯ ತಿಳಿಯುತ್ತಿತ್ತು. ದಿನಾ ರೊಟ್ಟಿಗೆ ಅಳೆದ ಜೋಳದ ಹಿಟ್ಟಿನಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ಅವಳ ಪದ್ಧತಿ. ಕಷ್ಟಕ್ಕೆ ಇರಲಿ ಎಂದು. "ನೀನೂ ಹಂಗ ನಾಕು ದಿನ ತಗದಿಡು. ಒಮ್ಮಿಗೇ ಎಲ್ಲಾ ಖರ್ಚು ಮಾಡಬ್ಯಾಡ," ಎಂದಳು. ನಾನು ಹಾಗೆಯೇ ನಾಲ್ಕು ದಿನ ತೆಗೆದಿಟ್ಟೆ.

ವಾರಕ್ಕೆ ಎರಡು ಸಲ ಅವಳನ್ನು ಆಟೋದಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ. ಆಗ ಅಲ್ಲಿಯವರು ಎದ್ದು ಕಚೇರಿಗೆ ಬರುತ್ತಿದ್ದರು, ನಾನು ಮೇಜಿಗೆ ಕೂರುತ್ತಿದ್ದೆ. ಅಕ್ಕ ಎದುರಿನ ದಿವಾನದ ಮೇಲೆ ಮಲಗಿ ನನ್ನ ಬೆರಳು ಆಡುವುದನ್ನೇ ನೋಡುತ್ತಿದ್ದಳು. ಸುಖವಾಗಿದ್ದೆ ಎಂದರೆ ತಪ್ಪಾಗುತ್ತದೆಯೋ ಏನೋ. ಆದರೂ ಆ ಐದಾರು ತಿಂಗಳು ನಾನು ಸುಖವಾಗಿದ್ದೆ.

ಮಾಮಾ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಮಾತು ಕಡಿಮೆ, ಆಡಿದರೆ ತೂಕದ್ದು. ಒಂದು ಸಂಜೆ ಚಹಾ ಕುಡಿಯುತ್ತ ನನ್ನ ಗೀಟುಗಳನ್ನು ನೋಡಿದರು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀ ಇರೂದು ಇಲ್ಲಿ. ಕುಡಿಯೂದು ಮಂಜೀರಾ ಹೊಳಿ ನೀರು. ಕೆಲಸ ಮಾಡೂದೂ ನಮ್ಮ ಕರೆಂಟಿನ್ಯಾಗ. ಮತ್ತ ಟ್ಯಾಕ್ಸ್ ಅವರಿಗ್ಯಾಕ?"

"ಪಗಾರ ಅವರು ಕೊಡ್ತಾರಲ್ಲರಿ ಮಾಮಾ."

"ಪಗಾರ ಅವರು ಕೊಡ್ತಾರ. ರಸ್ತಾ ಯಾರು ಕೊಟ್ಟಾರ?"

"ಈ ರಸ್ತಾಕ್ಕೂ ಟ್ಯಾಕ್ಸ್ ಕೊಡಬೇಕೇನ್ರಿ? ನಿನ್ನೆ ದವಾಖಾನಿಗೆ ಹೋಗೂವಾಗ ಅಕ್ಕ ಆಟೋದಾಗ ಮೂರು ಸಲ ಪುಟಿದಾಳ. ಅದಕ್ಕ ಅವರ ನಮಗ ಕೊಡಬೇಕು."

ಅಕ್ಕ ದಿವಾನದ ಮೇಲೆ ಮಲಗಿದ್ದಲ್ಲೇ ನಕ್ಕಳು. ಮಾಮಾ ನಗಲಿಲ್ಲ. "ಟ್ಯಾಕ್ಸ್ ಕಟ್ಟೋರು ಲೆಕ್ಕಾ ಹಾಕ್ಕೋತ ಕುಂತ್ರ ರಸ್ತಾ ಹಂಗ ಇರತೈತಿ," ಎಂದರು. ಆಮೇಲೆ ಬಶಿಯಲ್ಲಿ ಉಳಿದ ಚಹಾ ಕುಡಿದು, "ಊರಿಗೆ ಬಂದಾಕಿ ನೀರಿಗೆ ಬರಲೇಬೇಕು ತಂಗಿ," ಎಂದು ಎದ್ದರು. ಮೂವತ್ತು ಚಿಲ್ಲರೆ ವರ್ಷ ಅವರ ತೆರಿಗೆ ಕೈಗೆ ಬರುವ ಮುಂಚೆಯೇ ಕಡಿತವಾಗಿತ್ತು. ಕಟ್ಟಬೇಕೋ ಬೇಡವೋ ಎಂದು ಯೋಚಿಸುವ ಭಾಗ್ಯ ಅವರಿಗೆ ಸಿಕ್ಕಿರಲೇ ಇಲ್ಲ. ನನಗೆ ಅವರ ಮಾತಿನಲ್ಲಿ ನ್ಯಾಯ ಕಾಣಿಸಿತು, ಆದರೆ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಎರಡೆರಡು ಕಡೆ ಕಟ್ಟಿ ಅಕ್ಕನ ಔಷಧಿಗೆ ಎಲ್ಲಿಂದ ತರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಔಷಧಿಯ ನೆಪ ಸುಳ್ಳಲ್ಲ. ಆದರೆ ಬ್ಯಾಂಕಿನಲ್ಲಿದ್ದ ಹಣ ಕರಗುವ ಹೆದರಿಕೆಯೂ ಅದರೊಳಗೆ ಇತ್ತು.

ಮಾರ್ಚ್ ನಡುವಿಗೆ ನನ್ನ ದಿನಗಳು ತೀರಿದವು, ತೆಗೆದಿಟ್ಟ ಆ ನಾಲ್ಕು ಬಿಟ್ಟು. ಡಾಕ್ಟರು ಹೀಗೇ ಒಂದೆರಡು ವರ್ಷ ನಡೆಯುತ್ತದೆ ಎಂದಿದ್ದರು. ಅಕ್ಕ ಬೇಡಿದ್ದು ಒಂದೇ.

"ಯುಗಾದಿ ಮಾಡಿ ಹೋಗು."

"ಏಪ್ರಿಲ್ ಒಂದಕ್ಕ ಹೊಸ ಲೆಕ್ಕ ಶುರು ಅಕ್ಕಾ. ಅವತ್ತ ಬಂದು ಇಳೀತೀನಿ. ನಮ್ಮ ಯುಗಾದಿ ಅದರ ಮುಂದಿನ ವಾರ ಐತಿ."

"ಸರಕಾರದ ಯುಗಾದಿ ಮೊದಲ ಬರ್ತೈತೇನು?" ಎಂದು ತಮಾಷೆ ಮಾಡಿದಳು. ಆಮೇಲೆ, "ಹೋಗಿ ಬಾ. ಗಳಿಸಿದ್ದು ಕಳಕೋಬ್ಯಾಡ. ಹದಿನೈದು ದಿನ ಏನು, ಹ್ವಾದಂಗ ಬಂದಂಗ," ಎಂದು ತಾನೇ ನನಗೆ ಸಮಾಧಾನ ಹೇಳಿದಳು. ತಾನು ತಿನ್ನಬಾರದ ಶೇಂಗಾ ಚಟ್ನಿಯನ್ನು ಕುರ್ಚಿಯಲ್ಲಿ ಕೂತು ಮಾಮಾನ ಕೈಯಿಂದ ಮಾಡಿಸಿ ಕಟ್ಟಿಕೊಟ್ಟಳು.

ಹೊರಡುವ ಬೆಳಿಗ್ಗೆ ಹಣಿಗೆ ತಂದು ನನ್ನ ಕೈಗಿಟ್ಟು ಬೆನ್ನು ತಿರುಗಿಸಿ ಕೂತಳು. ಶಾಲೆಯ ಅಷ್ಟೂ ವರ್ಷ ನನಗೆ ಎರಡು ಜಡೆ ಹಾಕಿದವಳು ಅವಳು. ಕೂದಲು ಬೆರಳಿಗೆ ಸಿಗದಷ್ಟು ತೆಳ್ಳಗಾಗಿತ್ತು. ಅರ್ಧ ಹೆಣೆದಿದ್ದೆ, ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯತೊಡಗಿದ. ಬೇಗಂಪೇಟೆ ವಿಮಾನ ನಿಲ್ದಾಣದ ದಾರಿಯಲ್ಲಿ ಟ್ರಾಫಿಕ್ ಎಂದು ಗೊಣಗಿದ. ನಾನು ಅರ್ಧಕ್ಕೇ ರಬ್ಬರ್ ಬ್ಯಾಂಡ್ ಸುತ್ತಿ, "ಬಂದು ಚಂದಾಗಿ ಹೆಣೀತೀನಿ," ಎಂದು ಎದ್ದೆ. ಅವಳು ಜಡೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡು, ಇಷ್ಟು ಸಾಕು ಎಂದಳು.

ಹತ್ತನೆಯ ದಿನ ಮಾಮಾ ಫೋನ್ ಮಾಡಿದರು. ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ. ಆಟೋ ಬರುವಷ್ಟರಲ್ಲಿ ಮುಗಿದಿತ್ತು. "ನೀ ಬರೂತನಕ ಇಟ್ಟಿರ್ತೀನಿ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಬಂದೆ. ಹಜಾರದಲ್ಲಿ ಐಸ್ ಪೆಟ್ಟಿಗೆಯ ಗಾಜಿನ ಕೆಳಗೆ ಅಕ್ಕ ಇದ್ದಳು. ಜಡೆಯನ್ನು ಯಾರೋ ಅಚ್ಚುಕಟ್ಟಾಗಿ ಕೊನೆಯವರೆಗೂ ಹೆಣೆದು ಮಲ್ಲಿಗೆ ಮುಡಿಸಿದ್ದರು. ಅದನ್ನು ನೋಡಿ ನಾನು ಕೂಗಿ ಅತ್ತೆ. ಆಮೇಲೆ ಮಣ್ಣು, ಮೂರನೆಯ ದಿನದ ಹಾಲು ತುಪ್ಪ, ಬೀದರಿನಿಂದ ಬಂದ ನೆಂಟರು. ನಾಲ್ಕನೆಯ ದಿನ ನಾನು ಹೊರಟೆ. ಕಷ್ಟಕ್ಕೆಂದು ತೆಗೆದಿಟ್ಟ ನಾಲ್ಕು ದಿನ ಅಲ್ಲಿಗೆ ಮುಗಿದಿದ್ದವು. ಇನ್ನೊಂದು ದಿನ ಇದ್ದರೆ ನೂರ ಎಂಬತ್ತೆರಡು.

ಆ ವಯಸ್ಸಿನಲ್ಲಿ, ಆ ದುಃಖದಲ್ಲಿ, ನಾನು ಹೋದೆ ಎಂಬುದನ್ನು ಈಗ ನಂಬಲು ನನಗೇ ಕಷ್ಟವಾಗುತ್ತದೆ. ಆದರೆ ಆಗ ಅದು ಬೇರೆ ರೀತಿ ಕಂಡಿತ್ತು. ಈಗ ಲೆಕ್ಕ ತಪ್ಪಿದರೆ, ಅಕ್ಕನನ್ನು ಬಿಟ್ಟು ಹೋದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ ಎನಿಸಿತ್ತು. ನೆಂಟರಲ್ಲಿ ಒಬ್ಬಾಕೆ ಬಾಗಿಲಲ್ಲೇ, "ಮಗಳಂಗ ಸಾಕಿದ್ಲು, ದಿನಕರ್ಮದ ಊಟಕ್ಕೂ ನಿಲ್ಲಲಿಲ್ಲ," ಎಂದಳು. ಮಾಮಾ ನನ್ನ ಚೀಲ ಎತ್ತಿ ಕಾರಿಗೆ ಇಟ್ಟರು. ನನ್ನ ಮುಖ ನೋಡಲಿಲ್ಲ.

ಜೂನಿನಲ್ಲಿ ಮತ್ತೆ ಬಂದಾಗ ಕಂಪನಿ ಒಂದು ಪತ್ರ ಕೇಳಿತ್ತು, ಭಾರತದ ತೆರಿಗೆಯ ಸ್ಥಿತಿ ಏನು ಎಂದು ಬರೆಸಿ ತರಲು. ಅಬಿಡ್ಸ್‌ನಲ್ಲಿ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆಯಲ್ಲಿ ವಯಸ್ಸಾದ ತೆರಿಗೆ ಸಲಹೆಗಾರರೊಬ್ಬರು ಕೂರುತ್ತಿದ್ದರು. ಮಾಮಾ ಕೆಳಗೆ ನೆರಳಿನಲ್ಲಿ ನಿಂತರು. ನಾನು ನನ್ನ ಗೀಟುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ ತಂದಿದ್ದೆ. ಅವರು ಹಾಳೆ ನೋಡಿದರು, ನನ್ನ ಸಂಬಳದ ಚೀಟಿ ನೋಡಿದರು, ತೆಲುಗಿನಲ್ಲಿ ನಿಧಾನವಾಗಿ ಮಾತಾಡಿದರು. ಎರಡೂ ಕಡೆ ಪೂರ್ತಿ ಕಟ್ಟಬೇಕು ಎಂದು ನಿಮಗೆ ಯಾರಮ್ಮಾ ಹೇಳಿದ್ದು? ಎರಡು ದೇಶಗಳ ನಡುವೆ ಒಪ್ಪಂದವಿದೆ. ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯುತ್ತಾರೆ.

"ಅಂದರೆ ನಾನು ಮಾರ್ಚಿನಲ್ಲಿ ಇಲ್ಲೇ ಇದ್ದಿದ್ದರೆ?"

"ಇರಬಹುದಿತ್ತು. ಒಂದೆರಡು ಫಾರ್ಮ್ ಹೆಚ್ಚಿಗೆ ತುಂಬಬೇಕಾಗುತ್ತಿತ್ತು. ಬಹಳವಾದರೆ ಸ್ವಲ್ಪ ದುಡ್ಡು."

ಪತ್ರ ಬರೆದುಕೊಟ್ಟರು. ಫೀಸು ಎಷ್ಟು ಎಂದು ಕೇಳಿದೆ. ಐದು ನಿಮಿಷದ ಮಾತಿಗೆ ಫೀಸು ಏಕಮ್ಮಾ ಎಂದು ಕೈಯಾಡಿಸಿದರು. ಆ ಐದು ನಿಮಿಷವನ್ನು ನಾನು ಫೆಬ್ರವರಿಯಲ್ಲಿ ಕೇಳಬಹುದಿತ್ತು. ಕುಷಾಯಿಗೂಡದಿಂದ ಅಬಿಡ್ಸ್‌ಗೆ ಒಂದು ಬಸ್ಸಿನ ದಾರಿ.

ಕೆಳಗೆ ಮಾಮಾ ಎರಡು ಚಹಾ ಹೇಳಿ ಕಾಯುತ್ತಿದ್ದರು. ನನ್ನದರ ಮೇಲೆ ಕೆನೆ ಕಟ್ಟಿತ್ತು.

"ಏನಂದ್ರು?"

ನಾನು ಏನು ಹೇಳಬೇಕೆಂದು ಮೆಟ್ಟಿಲು ಇಳಿಯುವಾಗ ಯೋಚಿಸಿರಲಿಲ್ಲ. ಅವರ ಮುಖ ನೋಡಿದೆ. ಮೂರು ತಿಂಗಳಿನಲ್ಲಿ ಹತ್ತು ವರ್ಷ ಕಳೆದುಹೋಗಿದ್ದವು ಆ ಮುಖದಲ್ಲಿ.

"ಭಾಳ ಆಗತಿತ್ತಂತರಿ ಮಾಮಾ. ಇದ್ದಿದ್ರ ಅರ್ಧಕ್ಕರ್ಧ ಹೋಗತಿತ್ತಂತ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ಹಂಗಂದ್ರ ನೀ ಹ್ವಾದದ್ದು ಸರಿ ಆತು ಬಿಡು," ಎಂದರು. ಬಸ್ಸಿನಲ್ಲಿ ತಾರ್ನಾಕ ದಾಟಿದ ಮೇಲೆ ತಾವಾಗಿಯೇ ಮಾತು ತೆಗೆದರು. "ನಿನ್ನ ಮ್ಯಾಲ ಒಳಗೊಳಗ ಸಿಟ್ಟು ಇಟ್ಟಿದ್ದೆ ತಂಗಿ. ತಪ್ಪು ನಂದು. ನಿಮ್ಮಕ್ಕ ಕಡೀ ದಿನಾನೂ ಅದನ್ನ ಅಂದ್ಲು, ಹೋಗ್ಲಿ ಬಿಡ್ರಿ, ಪಾಪ ಎಷ್ಟು ನಷ್ಟ ಆಗತಿತ್ತೋ ಅಂತ." ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಆಮೇಲೆ ಬಂದ ನೆಂಟರಿಗೆಲ್ಲ ಅವರು ಇದನ್ನೇ ಹೇಳಿದರು. ಬಾಗಿಲಲ್ಲಿ ಆಡಿಕೊಂಡಿದ್ದ ಆ ಹೆಂಗಸಿಗೂ ಹೇಳಿದರು. ಅವಳು ನನ್ನ ತಲೆ ಸವರಿ, ನನಗೇನು ಗೊತ್ತವಾ ಎಂದಳು.

ಈಗ ಮನೆಯಿಂದಲೇ ಪರದೇಶಕ್ಕೆ ದುಡಿಯುವ ಹುಡುಗರು ನನ್ನನ್ನು ಕೇಳುತ್ತಾರೆ, ತೆರಿಗೆ ಎಲ್ಲಿ ಕಟ್ಟಬೇಕು ಮೇಡಂ ಎಂದು. ಎಲ್ಲಿಯ ನೀರು ಕುಡಿಯುತ್ತೀಯೋ ಅಲ್ಲಿ ಕಟ್ಟು ಎಂದು ಮಾಮಾನ ಮಾತನ್ನೇ ಹೇಳುತ್ತೇನೆ. ಅದಕ್ಕೂ ಮುಂಚೆ ತಿಳಿದವರನ್ನು ಕೇಳು, ಇವತ್ತೇ ಕೇಳು ಎನ್ನುತ್ತೇನೆ. ನಾನು ಮಾತ್ರ ಈಗಲೂ ವರ್ಷಕ್ಕೆ ನೂರ ಎಂಬತ್ತು ದಿನ ಕುಷಾಯಿಗೂಡದಲ್ಲಿರುತ್ತೇನೆ. ನಿಜ ಹೇಳಿಬಿಟ್ಟರೆ ವರ್ಷವಿಡೀ ಇರಬಹುದು. ಆದರೆ ನಿಜ ಹೇಳಿದರೆ ಅಕ್ಕನ ಕೊನೆಯ ಹತ್ತು ದಿನ ನಾನು ಸುಮ್ಮನೆ ದೂರವಿದ್ದೆನೆಂದು ಮಾಮಾ ತಿಳಿಯಬೇಕಾಗುತ್ತದೆ.

ಅಡುಗೆಮನೆಯಲ್ಲಿ ಮಾಮಾ ವರ್ಷವರ್ಷ ಹೊಸ ಕ್ಯಾಲೆಂಡರ್ ಹಾಕುತ್ತಾರೆ. ಹಾಲಿನ ಸೊನ್ನೆ ಈಗಿಲ್ಲ, ಒಬ್ಬರಿಗೆ ಪಾಕೀಟು ಸಾಕು. ಕೆಂಪು ಪೆನ್ಸಿಲ್ಲಿನ ಮೊನೆಯನ್ನು ಬ್ಲೇಡಿನಿಂದ ತಾವೇ ಹೆರೆದಿಡುತ್ತಾರೆ. ನಾನು ಒಂದು ದಿನ ಮರೆತರೆ ಕನ್ನಡಕ ಹಾಕಿಕೊಂಡು ಬಂದು ಗೀಟು ಎಳೆಯುತ್ತಾರೆ. ಮೊನ್ನೆ ಬೆಳಿಗ್ಗೆ ಒಲೆಯ ಮುಂದೆ ನಿಂತು ಶೇಂಗಾ ಹುರಿಯುತ್ತಿದ್ದರು, ನನಗೆ ಕಟ್ಟಿಕೊಡುವ ಚಟ್ನಿಗೆ. ಈಚೆಗೆ ಅವರಿಗೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ, ಒಂದು ಕೈಯಿಂದ ಕಟ್ಟೆ ಹಿಡಿದುಕೊಂಡಿದ್ದರು.

"ನಾಳಿಗಿ ನೂರಾ ಎಂಬತ್ತು ಆತು. ಟಿಕೀಟು ತಗಿಸಿದಿಯೇನವಾ?" ಎಂದರು.

"ತಗಿಸೀನಿರಿ ಮಾಮಾ," ಎಂದೆ.